ಮೊದಲ ಗೇಮಿಂಗ್ ಪಿಸಿ: ಸಿಂಧನೂರು ಕಡೆಯ ಹಳ್ಳಿಗೆ, ಮಾನಿಟರ್ ಬಿಟ್ಟು 90 ಸಾವಿರದೊಳಗೆ

ಭತ್ತದ_ಕಣಜ

ನಮಸ್ಕಾರ ಎಲ್ಲರಿಗೂ. ನಮ್ಮದು ಸಿಂಧನೂರು ತಾಲೂಕಿನ ಒಂದು ಕ್ಯಾಂಪ್. ಕೆಲಸಕ್ಕೆ ಸೇರಿದ ಮೇಲೆ ತಿಂಗಳು ತಿಂಗಳು ಎತ್ತಿಟ್ಟ ದುಡ್ಡಿದೆ. ಅದರಲ್ಲಿ ನನ್ನ ಮೊದಲ ಗೇಮಿಂಗ್ ಪಿಸಿ ಮಾಡಿಕೊಳ್ಳಬೇಕು ಅಂತಿದ್ದೇನೆ. ಮಾನಿಟರ್ ಬಿಟ್ಟು 90 ಸಾವಿರ. ಮಾನಿಟರ್ 24 ಇಂಚಿನದು, 1080ಪಿ ಸಾಕು.

ಜಾಸ್ತಿ ಆಡುವುದು ಕೌಂಟರ್ ಸ್ಟ್ರೈಕ್ 2, ವ್ಯಾಲರಂಟ್. ಸೈಬರ್‌ಪಂಕ್ 2077 ಚೆನ್ನಾಗಿ ಆಡಬೇಕು ಅನ್ನುವ ಆಸೆ ಬಹಳ ದಿನದಿಂದ ಇದೆ.

ಇಲ್ಲೊಂದು ಅಂಗಡಿಯಲ್ಲಿ ಕೇಳಿದೆ. ಚೀಟಿಯಲ್ಲಿ "ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 512 ಎಸ್‌ಎಸ್‌ಡಿ" ಎಂದಷ್ಟೇ ಬರೆದು ಕೊಟ್ಟರು. ದರ ನನ್ನ ಬಜೆಟ್ಟಿಗಿಂತ ತುಂಬಾ ಕಡಿಮೆ. ಅದನ್ನೇ ತಗೊಳ್ಳಲಾ? ಇಲ್ಲ ಬೆಂಗಳೂರಿಗೆ ಹೋಗಿ ಪಾರ್ಟ್ಸ್ ತಂದು ನಾನೇ ಜೋಡಿಸಲಾ? ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ಕಟ್ಟಿದ ಕೈ, ಸ್ಕ್ರೂಡ್ರೈವರ್ ಹಿಡಿಯಲು ಭಯವಿಲ್ಲ. ಆದರೆ ಕಂಪ್ಯೂಟರ್ ಒಳಗೆ ಯಾವತ್ತೂ ಕೈ ಹಾಕಿಲ್ಲ.

ಪೇಟೆ_ಸುತ್ತಾಟ

ಆ ಚೀಟಿ ನಂಬಿ ದುಡ್ಡು ಕೊಡಬೇಡಿ. ಮೊದಲ ಐ7 ಬಂದದ್ದು 2008ರಲ್ಲಿ. 2012ರ ಐ7-3770 ಕೂಡ ಐ7, ಮೊನ್ನೆ ಮೊನ್ನೆ ಬಂದದ್ದೂ ಐ7. ಪೂರ್ತಿ ಮಾಡೆಲ್ ನಂಬರ್ ಬರೆದಿಲ್ಲ ಅಂದರೆ ಯಾವುದೋ ಆಫೀಸಿನಿಂದ ಬಂದ ಹಳೇ ಮಾಲಿರುವ ಸಾಧ್ಯತೆಯೇ ಜಾಸ್ತಿ. 4 ಜಿಬಿ ಗ್ರಾಫಿಕ್ಸ್ ಅನ್ನುವುದೂ ಹಾಗೆಯೇ. 2014ರ ಜಿಟಿ 730ರಲ್ಲೂ 4 ಜಿಬಿ ಇರುವ ಕಾರ್ಡ್ ಸಿಗುತ್ತದೆ. ಅದರಲ್ಲಿ ಸೈಬರ್‌ಪಂಕ್ ಕನಸು ಬಿಡಬೇಕು.

ಇನ್ನೊಂದು ವಿಷಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಷ್ಟು ಹಳೇ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0 (ಪಿಸಿಯೊಳಗಿನ ಸುರಕ್ಷತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಸೆಟ್ಟಿಂಗ್) ಎರಡೂ ಬೇಕು. ಹಳೇ ಐ7ರಲ್ಲಿ ನೀವು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ನಾನಾಗಿದ್ದರೆ ಹೀಗೆ ಕಟ್ಟುತ್ತಿದ್ದೆ: ರೈಜನ್ 5 7600, ಬಿ650 ಮದರ್‌ಬೋರ್ಡ್, 16 ಜಿಬಿ ಡಿಡಿಆರ್5 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೇ 650 ವ್ಯಾಟ್ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡಿಗೆ ಒಟ್ಟು ದುಡ್ಡಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಇಡಬೇಡಿ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕೈಗೆಟುಕಿದರೆ ಅದೇ ತಗೊಳ್ಳಿ. ಇಲ್ಲದಿದ್ದರೆ ಆರ್‌ಟಿಎಕ್ಸ್ 5060. ಅದರಲ್ಲಿ 8 ಜಿಬಿ ಅಷ್ಟೇ ಇದೆ, 1080ಪಿಗೆ ಇವತ್ತು ನಡೆಯುತ್ತದೆ. ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಇಳಿಸಿಕೊಳ್ಳಬೇಕಾಗುತ್ತದೆ.

ಹಳೇ_ಕಾರ್ಡ್

ಪೇಟೆಯವರೇ, ನಾನು ಒಪ್ಪುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ದರ ಎಲ್ಲಿಗೆ ಹೋಗಿದೆ ನೋಡಿದ್ದೀರಾ? ಮೆಮೊರಿ ಮಾಡುವ ಕಂಪನಿಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿವೆ. ಮೈಕ್ರಾನ್ ಅಂತೂ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುವುದನ್ನೇ ನಿಲ್ಲಿಸುತ್ತೇನೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಇಂಥ ಹೊತ್ತಲ್ಲಿ ಮೊದಲ ಪಿಸಿಗೆ ಡಿಡಿಆರ್5 ಯಾಕೆ? ಎಎಂ4 (ಎಎಂಡಿಯ ಹಿಂದಿನ ಸಾಕೆಟ್) ಬೋರ್ಡ್, ರೈಜನ್ 5 5600, ಸೆಕೆಂಡ್ ಹ್ಯಾಂಡ್ ಡಿಡಿಆರ್4 ರ‍್ಯಾಮ್, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ. 1080ಪಿಗೆ ಆರಾಮಾಗಿ ಸಾಕು, ದುಡ್ಡೂ ಮಿಗುತ್ತದೆ.

ಪೇಟೆ_ಸುತ್ತಾಟ

ನೀವು ಹೇಳಿದ್ದು ಬೆಂಗಳೂರಿನಲ್ಲಿ ಇರುವವರಿಗೆ ಸರಿ. ಕೆಟ್ಟರೆ ಸಂಜೆ ಹೋಗಿ ಬದಲಾಯಿಸಿಕೊಂಡು ಬರಬಹುದು. ಇವರು ಇರುವುದು ಸಿಂಧನೂರು ಹತ್ತಿರ. ವಾರಂಟಿ ಮುಗಿದ ಕಾರ್ಡ್ ಸತ್ತರೆ ಯಾರ ಹತ್ತಿರ ಹೋಗಬೇಕು? 2021ರಲ್ಲಿ ಬಂದ 3060ಗಳಲ್ಲಿ ಎಷ್ಟೋ ಕಾರ್ಡ್‌ಗಳು ಕ್ರಿಪ್ಟೊ ಮೈನಿಂಗ್‌ನಲ್ಲಿ ಹಗಲು ರಾತ್ರಿ ಓಡಿವೆ.

7600 ಅಂತ ಹೇಳಿದ್ದಕ್ಕೂ ಕಾರಣ ಇದೆ. ಅದರೊಳಗೇ ಸಣ್ಣ ಗ್ರಾಫಿಕ್ಸ್ ಇದೆ. 5600ರಲ್ಲಿ ಇಲ್ಲ, 7500ಎಫ್‌ನಲ್ಲೂ ಇಲ್ಲ. ನಾಳೆ ಪರದೆ ಕಪ್ಪಾದರೆ ಕಾರ್ಡ್ ತೆಗೆದು, ಕೇಬಲ್ಲನ್ನು ಮದರ್‌ಬೋರ್ಡಿಗೆ ಹಾಕಿ ನೋಡಬಹುದು. ತೊಂದರೆ ಕಾರ್ಡಿನದ್ದೋ ಬೇರೆಯದ್ದೋ ಅಂತ ಮನೆಯಲ್ಲೇ ಗೊತ್ತಾಗುತ್ತದೆ. ಹತ್ತಿರ ಅಂಗಡಿ ಇಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ರ‍್ಯಾಮ್ ದುಬಾರಿ ಅನ್ನುವುದು ನಿಜ. ಈಗ 16 ಜಿಬಿಯ ಒಂದೇ ಸ್ಟಿಕ್ ಹಾಕಿಕೊಳ್ಳಲಿ, ದರ ಇಳಿದ ಮೇಲೆ ಇನ್ನೊಂದು. ಎಎಂ5ಗೆ, ಅಂದರೆ ಬಿ650 ಬೋರ್ಡಿನ ಪ್ರೊಸೆಸರ್ ಸಾಕೆಟ್ಟಿಗೆ, 2027ರವರೆಗೂ ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ.

ಹಳೇ_ಕಾರ್ಡ್

ಒಂದೇ ಸ್ಟಿಕ್ ಅಂದರೆ ಸಿಂಗಲ್ ಚಾನೆಲ್, ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಒಂದೇ ದಾರಿ. ಕೌಂಟರ್ ಸ್ಟ್ರೈಕ್‌ನಂಥ ಗೇಮ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಅದನ್ನೂ ಹೇಳಿ.

ಪೇಟೆ_ಸುತ್ತಾಟ

ಇಳಿಯುತ್ತದೆ, ನಿಜ. ಆದರೆ 8 ಜಿಬಿಯ ಎರಡು ಹಾಕಿದರೆ ಅದರದ್ದೇ ತೊಡಕು. ಡಿಡಿಆರ್5ನಲ್ಲಿ 8 ಜಿಬಿ ಸ್ಟಿಕ್‌ಗಳ ಒಳಗೆ ಚಿಪ್ ಕಡಿಮೆ ಇರುತ್ತವೆ, ವೇಗವೂ ಸ್ವಲ್ಪ ಕಡಿಮೆ. ಮುಂದೆ 32 ಜಿಬಿ ಬೇಕಾದಾಗ ಎರಡನ್ನೂ ತೆಗೆದು ಮಾರಬೇಕು. ಕೆಲವು ತಿಂಗಳು ಎಫ್‌ಪಿಎಸ್ ಕಡಿಮೆ ಇದ್ದರೂ ಪರವಾಗಿಲ್ಲ, 16ರ ಒಂದೇ ಸ್ಟಿಕ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಎರಡನೆಯದು ಅದೇ ಕಂಪನಿಯ ಅದೇ ಮಾಡೆಲ್ ಹುಡುಕಿ.

ಮಲ್ನಾಡ್_ವೈರ್‌ಮನ್

ನಾನು ಸಾಗರದ ಕಡೆ ಮನೆ ವೈರಿಂಗ್ ಕೆಲಸ ಮಾಡುವವನು. ಮಗನಿಗೆ ಪಿಸಿ ಕಟ್ಟಿಕೊಟ್ಟಿದ್ದೇನೆ, ಅದಕ್ಕೇ ಇಲ್ಲಿ ಓದುತ್ತಿರುತ್ತೇನೆ. ಪ್ರೊಸೆಸರ್, ಕಾರ್ಡ್ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಗೋಡೆಯ ಪ್ಲಗ್ ಬಗ್ಗೆ ಒಬ್ಬರೂ ಕೇಳಲಿಲ್ಲ. ತಮ್ಮಾ, ನಿನ್ನ ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ?

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಚಪ್ಪಲಿ ಹಾಕಿಕೊಂಡು ಕೂರು ಅಂತಾರೆ. ಅದು ಪರಿಹಾರ ಅಲ್ಲ. ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅವು ಸೋರಿದ್ದು ಅರ್ಥಿಂಗ್ ಮೂಲಕ ನೆಲಕ್ಕೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಬಾಡಿಯ ಮೇಲೆ ಅರ್ಧ ವೋಲ್ಟೇಜ್, ಅಂದರೆ 110ರ ಆಸುಪಾಸು ನಿಲ್ಲುತ್ತದೆ. ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುವುದು. ಆದರೆ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಅದೇ ವೋಲ್ಟೇಜ್ ಪೋರ್ಟಿನಲ್ಲಿ ಹಾದು ಹೋದರೆ ಪೋರ್ಟ್ ಸುಡಬಹುದು. ಮುಂದೆ ಯಾವತ್ತಾದರೂ ಒಳಗಿನ ಫೇಸ್ ನೇರವಾಗಿ ಬಾಡಿಗೆ ತಾಗಿದರೆ ಜೀವಕ್ಕೇ ಅಪಾಯ.

ಮಲ್ಟಿಮೀಟರ್ ಇದ್ದರೆ ನೋಡು. ಫೇಸ್ ನ್ಯೂಟ್ರಲ್ ಮಧ್ಯೆ 230 ಇದ್ದರೆ ಫೇಸ್ ಅರ್ಥ್ ಮಧ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಅರ್ಥ್ ಮಧ್ಯೆ ಒಂದೆರಡು ವೋಲ್ಟ್. ಇದು ಬರೀ ಮೊದಲ ಪರೀಕ್ಷೆ. ಮೀಟರ್ ಸರಿ ತೋರಿಸಿದರೂ ಅರ್ಥಿಂಗ್ ದುರ್ಬಲ ಇರಬಹುದು. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸು. ನಿಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಮಣ್ಣು ಪೈಪನ್ನು ಬಿಟ್ಟುಕೊಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಸುಮ್ನೆ ಹೆಸರಿಗೆ ಮಾತ್ರ ಇರುತ್ತದೆ. ಅರ್ಥ್ ಗುಂಡಿಗೆ ಬೇಸಿಗೆ ಪೂರ್ತಿ ನೀರು ಹಾಕುತ್ತಿರಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಹಾಕಿಸು. ಇದು ಪಿಸಿಗೆ ಮಾತ್ರ ಅಲ್ಲ, ಮನೆಯವರಿಗೆ.

ಎರಡನೆಯದು, ಕಂಬದಲ್ಲಿ ನ್ಯೂಟ್ರಲ್ ತುಂಡಾಗುವುದು. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಟ್ ಆದರೆ 230 ಬರುವ ಮನೆಗೆ 400ರ ಹತ್ತಿರ ನುಗ್ಗಬಹುದು. ಬಲ್ಬು, ಟಿವಿ, ಫ್ರಿಡ್ಜ್ ಎಲ್ಲ ಒಂದೇ ಏಟಿಗೆ ಹೋದ ಮನೆಗಳನ್ನು ನಾನು ನೋಡಿದ್ದೇನೆ. ಓವರ್ ವೋಲ್ಟೇಜ್ ಆದರೆ ತಾನೇ ಕಟ್ ಮಾಡುವ ಪ್ರೊಟೆಕ್ಟರ್ ಸಿಗುತ್ತದೆ, ಮೇನ್ ಹತ್ತಿರ ಕೂರಿಸಿಕೊ.

ಇನ್ನು ಪವರ್ ಸಪ್ಲೈ ಮೇಲಿನ ಲೇಬಲ್ ಓದು. 100-240 ವೋಲ್ಟ್ ಅಂತ ಇದ್ದರೆ ಸಂಜೆ ವೋಲ್ಟೇಜ್ 160ಕ್ಕೆ ಇಳಿದರೂ ಓಡುತ್ತದೆ. ಕೆಲವು ಅಗ್ಗದವುಗಳಲ್ಲಿ 200-240 ಅಂತ ಮಾತ್ರ ಬರೆದಿರುತ್ತದೆ. ನಿಮ್ಮ ಕಡೆಗೆ ಅಂಥದ್ದು ಬೇಡ. ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿದರೂ ಸರಿ, ಇದರಲ್ಲಿ ಉಳಿಸಬೇಡ.

ಪೇಟೆ_ಸುತ್ತಾಟ

ವೈರ್‌ಮನ್ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಎಷ್ಟು ಕರೆಂಟ್ ವ್ಯರ್ಥವಾಗದೆ ಬಳಕೆಯಾಗುತ್ತದೆ ಅನ್ನುವ ಲೆಕ್ಕ ಮಾತ್ರ. ಒಳಗಿನ ಗುಣಮಟ್ಟ, ರಕ್ಷಣೆ ಬೇರೆ ವಿಷಯ. ಎಷ್ಟು ವರ್ಷ ವಾರಂಟಿ ಕೊಡುತ್ತಾರೆ ನೋಡಿ. 5 ವರ್ಷ ಅಥವಾ ಜಾಸ್ತಿ ಇದ್ದರೆ ಕಂಪನಿಗೇ ಧೈರ್ಯ ಇದೆ ಅಂತ ಅರ್ಥ. ಕ್ಯಾಬಿನೆಟ್ ಜೊತೆ ಉಚಿತ ಬರುವ ಪವರ್ ಸಪ್ಲೈ ಬೇಡವೇ ಬೇಡ.

ಕಡಲತಡಿ

ಸಿಂಧನೂರಿಗೆ ನಮ್ಮ ಮಂಗಳೂರಿನ ಉಪ್ಪುಗಾಳಿ ತೊಂದರೆ ಇಲ್ಲ, ಅದು ಪುಣ್ಯ. ಇಲ್ಲಿ ಎರಡು ಮಳೆಗಾಲಕ್ಕೆ ಕ್ಯಾಬಿನೆಟ್ ಸ್ಕ್ರೂ ತುಕ್ಕು ಹಿಡಿಯುತ್ತದೆ. ನಿಮಗೆ ಧೂಳು, ಬಿಸಿಲು. ಮುಂಭಾಗ ಗಾಜು ಇರುವ ಕ್ಯಾಬಿನೆಟ್ ಬೇಡ, ಜಾಲರಿ ಇರುವುದು ತಗೊಳ್ಳಿ. ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರಲಿ. ಹೊರಗೆ 42 ಡಿಗ್ರಿ ಇದ್ದಾಗ ಒಳಗೆ ಯಾವ ಕೂಲರ್ ಇದ್ದರೂ ಅದಕ್ಕಿಂತ ತಣ್ಣಗೆ ಮಾಡಲು ಆಗದು. ಗಾಳಿ ಓಡಾಡುವುದೇ ಮುಖ್ಯ.

ಭತ್ತದ_ಕಣಜ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೈರ್‌ಮನ್ ಅಣ್ಣಾ, ನೀವು ಹೇಳಿದಂತೆ ಎಲೆಕ್ಟ್ರಿಷಿಯನ್ ಕರೆಸಿದೆ. ಅರ್ಥ್ ವೈರ್ ಬೋರ್ಡಿನವರೆಗೆ ಬಂದಿದೆ, ಆದರೆ ಹೊರಗಿನ ಪೈಪ್ ತುಕ್ಕು ತಿಂದು ಹೋಗಿತ್ತು. ಹೊಸ ಗುಂಡಿ ತೆಗೆಸಿ ಹಾಕಿಸಿದ್ದಾಯಿತು. ಅಮ್ಮ ಫ್ರಿಡ್ಜ್ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆ ಅಂತ ಯಾವತ್ತಿನಿಂದಲೋ ಹೇಳುತ್ತಿದ್ದರು, ಅದೂ ನಿಂತಿತು.

ಪಾರ್ಟ್ಸ್ ಪೇಟೆಯವರ ಪಟ್ಟಿಯಂತೆಯೇ ಅಂತ ತೀರ್ಮಾನಿಸಿದ್ದೇನೆ. ಆರ್‌ಜಿಬಿ ಲೈಟ್, ದೊಡ್ಡ ಕೂಲರ್ ಎಲ್ಲ ಬಿಟ್ಟು 16 ಜಿಬಿ ಕಾರ್ಡಿಗೆ ಹೊಂದಿಸುತ್ತೇನೆ. ಎಸ್‌ಪಿ ರೋಡ್‌ಗೆ ಯಾವತ್ತೂ ಹೋಗಿಲ್ಲ. ಏನು ನೋಡಿಕೊಳ್ಳಬೇಕು? ಬಸ್ಸಿನಲ್ಲಿ ಹೇಗೆ ತರಲಿ?

ಪೇಟೆ_ಸುತ್ತಾಟ

ಎಸ್‌ಪಿ ರೋಡ್ ಅಂದರೆ ಸಾದರ ಪತ್ರಪ್ಪ ರಸ್ತೆ, ಟೌನ್ ಹಾಲ್ ಹತ್ತಿರ. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಬೆಳಿಗ್ಗೆ ಬಂದು ಮೊದಲು ನಾಲ್ಕೈದು ಕಡೆ ದರ ಬರೆಸಿಕೊಳ್ಳಿ. ದರ ಕೇಳುವಾಗಲೇ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಸ್ಪಷ್ಟ ಮಾಡಿಕೊಳ್ಳಿ. 18 ಪರ್ಸೆಂಟ್ ಸಣ್ಣ ಮೊತ್ತ ಅಲ್ಲ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಬಿಲ್ಲಿನಲ್ಲಿ ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನದಕ್ಕೆ ಹೋಲಿಸಿ ನೋಡಿ. ಪ್ರೊಸೆಸರ್ ಸೀಲ್ ಇರುವ ಡಬ್ಬಿಯದ್ದೇ ಕೇಳಿ. ಟ್ರೇ ಅಂತ ಕೊಡುವುದು ಬಿಡಿ ಚಿಪ್, ಅದರ ಜೊತೆ ಕಂಪನಿ ಕೂಲರ್ ಬರುವುದಿಲ್ಲ, ವಾರಂಟಿಯೂ ಅಂಗಡಿಯವರ ಮಾತಿನ ಮೇಲೆಯೇ.

ಅಲ್ಲೇ ಜೋಡಿಸಿ ಕೊಡುತ್ತೇವೆ ಅನ್ನುತ್ತಾರೆ. ನೀವು ಬಸ್ಸಿನಲ್ಲಿ ರಾತ್ರಿಯಿಡೀ ಬರುವವರು. ಜೋಡಿಸಿದ ಕ್ಯಾಬಿನೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡ್ ನೇತಾಡಿದರೆ ಸ್ಲಾಟ್ ಮುರಿಯಬಹುದು. ಎಲ್ಲ ಅವರವರ ಡಬ್ಬಿಯಲ್ಲೇ ಇರಲಿ. ಕಾರ್ಡ್, ಮದರ್‌ಬೋರ್ಡ್, ಪ್ರೊಸೆಸರ್ ಕೈಚೀಲದಲ್ಲಿ ನಿಮ್ಮ ಜೊತೆ. ಕ್ಯಾಬಿನೆಟ್ ಮಾತ್ರ ಕೆಳಗಿನ ಡಿಕ್ಕಿಗೆ.

ಜೋಡಿಸುವಾಗ ಎಡವುವ ಕಡೆಗಳನ್ನು ಮಾತ್ರ ಹೇಳುತ್ತೇನೆ, ಉಳಿದದ್ದು ಮದರ್‌ಬೋರ್ಡಿನ ಕೈಪಿಡಿಯಲ್ಲಿದೆ.

ಎಎಂ5ನಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನಲ್ಲಿ ಅಲ್ಲ, ಬೋರ್ಡಿನ ಸಾಕೆಟ್‌ನಲ್ಲಿ. ಕೂದಲಿನಷ್ಟು ತೆಳು. ಬೆರಳು ತಾಗಿದರೂ ಬಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ನೀವು ಕೀಳಬೇಡಿ. ಮೂಲೆಯ ತ್ರಿಕೋನ ನೋಡಿ ಪ್ರೊಸೆಸರ್ ಇಟ್ಟು ಲಿವರ್ ಒತ್ತಿದಾಗ ಅದೇ ಹಾರಿ ಬರುತ್ತದೆ. ಅದನ್ನು ಎತ್ತಿಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಬೇಕು. ಲಿವರ್ ಒತ್ತಲು ಸ್ವಲ್ಪ ಬಲ ಬೇಕಾಗುತ್ತದೆ, ಗಾಬರಿ ಬೇಡ.

7600 ಜೊತೆ ಬರುವ ಕೂಲರ್‌ಗೆ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮುಟ್ಟಬೇಡಿ. ಬೋರ್ಡಿನಲ್ಲಿರುವ ಎರಡು ಪ್ಲಾಸ್ಟಿಕ್ ಹಿಡಿಕೆ ಬಿಚ್ಚಿ, ಹಿಂದಿನ ಪ್ಲೇಟ್ ಹಾಗೇ ಬಿಟ್ಟು ನಾಲ್ಕು ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ.

ರ‍್ಯಾಮ್ ಒಂದೇ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್. ಟಕ್ ಅನ್ನುವವರೆಗೆ ಒತ್ತಿ.

ಪವರ್ ಸಪ್ಲೈಯಿಂದ ಎರಡು ಬಗೆಯ 8 ಪಿನ್ ಕೇಬಲ್ ಬರುತ್ತವೆ. ಸಿಪಿಯು ಅಂತ ಬರೆದದ್ದು ಬೋರ್ಡಿನ ಮೇಲಿನ ಮೂಲೆಗೆ, ಪಿಸಿಐಇ ಅಂತ ಬರೆದದ್ದು ಗ್ರಾಫಿಕ್ಸ್ ಕಾರ್ಡಿಗೆ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬೇಡಿ. ಮುಂದೆ ಪವರ್ ಸಪ್ಲೈ ಬದಲಾಯಿಸಿದರೆ ಕೇಬಲ್ ಕೂಡ ಎಲ್ಲಾ ಬದಲಾಯಿಸಿ. ಒಂದು ಕಂಪನಿಯ ಕೇಬಲ್ ಇನ್ನೊಂದರಲ್ಲಿ ಕೂತರೂ ಒಳಗಿನ ತಂತಿಯ ಕ್ರಮ ಬೇರೆ ಇರುತ್ತದೆ, ಎಸ್‌ಎಸ್‌ಡಿ, ಬೋರ್ಡ್ ಎಲ್ಲ ಸುಟ್ಟು ಹೋಗುತ್ತದೆ.

ಕೊನೆಗೆ, ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಬೋರ್ಡಿಗಲ್ಲ. ನೆಟ್‌ವರ್ಕ್ ಡ್ರೈವರ್ ಒಂದು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ವಿಂಡೋಸ್ 11 ಹಾಕುವಾಗ ಇಂಟರ್‌ನೆಟ್ ಕೇಳುತ್ತದೆ, ಆಗ ವೈಫೈ ಡ್ರೈವರ್ ಇರುವುದಿಲ್ಲ.

ಹಳೇ_ಕಾರ್ಡ್

ಇಷ್ಟು ಚೆನ್ನಾಗಿ ಬರೆದಿದ್ದೀರಿ, ನಾನೂ ಇದನ್ನು ಉಳಿಸಿಟ್ಟುಕೊಳ್ಳುತ್ತೇನೆ. ಈ ಹುಡುಗನ ವಿಷಯದಲ್ಲಿ ಹೊಸದೇ ಸರಿ ಅಂತ ಈಗ ನನಗೂ ಅನಿಸುತ್ತಿದೆ. ದೊಡ್ಡ ಊರಿನಲ್ಲಿ ಇರುವವರಿಗೆ ಮಾತ್ರ ನನ್ನ ಸಲಹೆ ಹಾಗೇ ಇರಲಿ.

ಭತ್ತದ_ಕಣಜ

ಎಲ್ಲ ತಂದು ಇವತ್ತು ಜೋಡಿಸಿದೆ. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗುತ್ತಿವೆ, ಕಾರ್ಡಿನ ಫ್ಯಾನ್ ಒಮ್ಮೆ ತಿರುಗಿ ನಿಂತಿತು, ಪರದೆ ಮೇಲೆ ಏನೂ ಇಲ್ಲ. ಬೋರ್ಡಿನಲ್ಲಿ ಡಿರ‍್ಯಾಮ್ ಅನ್ನುವ ಕಡೆ ಹಳದಿ ದೀಪ ಉರಿಯುತ್ತಿದೆ. ಆಫ್ ಮಾಡಲಾ?

ಪೇಟೆ_ಸುತ್ತಾಟ

ಬೇಡ! ಹಾಗೇ ಬಿಡಿ. ಡಿಡಿಆರ್5 ಮೊದಲ ಸಲ ಆನ್ ಆದಾಗ ಬೋರ್ಡ್ ರ‍್ಯಾಮ್ ಜೊತೆ ಹೊಂದಿಕೊಳ್ಳಲು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ, ನಡುವೆ ತಾನೇ ಆಫ್ ಆಗಿ ಆನ್ ಆಗಬಹುದು. ಕಾರ್ಡಿನ ಫ್ಯಾನ್ ನಿಂತದ್ದೂ ಸರಿಯೇ, ಬಿಸಿಯಾಗುವವರೆಗೆ ಅದು ತಿರುಗುವುದಿಲ್ಲ. ಕಾಲು ಗಂಟೆ ಕಾದು ನೋಡಿ. ಆಮೇಲೂ ಬರದಿದ್ದರೆ ಮಾತ್ರ ಆಫ್ ಮಾಡಿ ರ‍್ಯಾಮ್ ತೆಗೆದು ಮತ್ತೆ ಕೂರಿಸಿ.

ಭತ್ತದ_ಕಣಜ

ಬಂತು ಅಣ್ಣಾ!! ಬಯೋಸ್ ಪರದೆ ಬಂತು. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಮೂರೂ ಕಾಣಿಸುತ್ತಿವೆ. ಮನೆಯವರೆಲ್ಲ ಹಿಂದೆ ನಿಂತು ನೋಡುತ್ತಿದ್ದಾರೆ.

ಪೇಟೆ_ಸುತ್ತಾಟ

ತುಂಬಾ ಖುಷಿಯಾಯಿತು. ಅಲ್ಲೇ ಇದ್ದಾಗ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತದೆ. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್‌ನ ಮಾನಿಟರ್ 60ರಲ್ಲೇ ಕೂತಿರುತ್ತದೆ, ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ.

ಭತ್ತದ_ಕಣಜ

ಎಲ್ಲ ಆಯಿತು. ಸೈಬರ್‌ಪಂಕ್ ಹೈ ಸೆಟ್ಟಿಂಗ್‌ನಲ್ಲಿ ಓಡುತ್ತಿದೆ, ನಂಬಲಿಕ್ಕೇ ಆಗುತ್ತಿಲ್ಲ. ವ್ಯಾಲರಂಟ್ ಮಾತ್ರ ತೆರೆಯುತ್ತಿಲ್ಲ, ಸೆಕ್ಯೂರ್ ಬೂಟ್ ಅಂತ ಏನೋ ಹೇಳುತ್ತದೆ.

ಕಡಲತಡಿ

ಬಯೋಸ್‌ಗೆ ಹೋಗಿ ಸಿಎಸ್‌ಎಂ (ಹಳೇ ರೀತಿಯಲ್ಲಿ ಬೂಟ್ ಆಗಲು ಇರುವ ಸೆಟ್ಟಿಂಗ್) ಆಫ್ ಇದೆಯಾ ನೋಡಿ. ಆಮೇಲೆ ಸೆಕ್ಯೂರ್ ಬೂಟ್ ಎನೇಬಲ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಎನೇಬಲ್ ಅಂತ ಇದ್ದರೂ ಪಕ್ಕದಲ್ಲಿ ನಾಟ್ ಆಕ್ಟಿವ್ ಅಂತ ತೋರಿಸುತ್ತದೆ. ಆಗ ಫ್ಯಾಕ್ಟರಿ ಕೀ ಹಾಕುವ ಆಯ್ಕೆ ಅಲ್ಲೇ ಇರುತ್ತದೆ, ಅದನ್ನು ಒತ್ತಿ ಸೇವ್ ಮಾಡಿ.

ಭತ್ತದ_ಕಣಜ

ಆಯಿತು, ತೆರೆಯಿತು. ವೈರ್‌ಮನ್ ಅಣ್ಣಾ, ಇನ್ನೊಂದು ಪ್ರಶ್ನೆ ನಿಮಗೆ. ಮನೆಯಲ್ಲಿ 600 ವಿಎ ಯುಪಿಎಸ್ ಒಂದಿದೆ, ಇನ್ವರ್ಟರ್ ಕೂಡ ಇದೆ. ಯಾವುದಕ್ಕೆ ಹಾಕಲಿ?

ಮಲ್ನಾಡ್_ವೈರ್‌ಮನ್

600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ತಮ್ಮಾ. ನಿನ್ನ ಕಾರ್ಡ್ ಒಂದೇ 160 ವ್ಯಾಟ್, ಪ್ರೊಸೆಸರ್ 90ರ ಹತ್ತಿರ, ಮೇಲೆ ಬೋರ್ಡ್, ಫ್ಯಾನ್, ಮಾನಿಟರ್. ಗೇಮ್ ಆಡುವಾಗ 330ರ ಆಸುಪಾಸು ಮುಟ್ಟುತ್ತದೆ. ಕರೆಂಟ್ ಹೋದ ಕ್ಷಣದಲ್ಲೇ ಯುಪಿಎಸ್ ಕೈಕೊಡಬಹುದು. 1000 ಅಥವಾ 1100 ವಿಎ ತಗೊ. ಅದು ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತಿಗೆ, ಆಡುತ್ತಾ ಕೂರುವುದಕ್ಕಲ್ಲ.

ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿದ್ದು, ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೂ ಹಾಕಬಹುದು. ಸ್ಕ್ವೇರ್ ವೇವ್ ಆಗಿದ್ದರೆ ಬೇಡ, ಈಗಿನ ಪವರ್ ಸಪ್ಲೈಗಳಿಗೆ ಅದು ಆಗಿಬರುವುದಿಲ್ಲ. ಯಾವುದಕ್ಕೆ ಹಾಕಿದರೂ ಅದರ ಸಾಕೆಟ್ಟಿಗೆ ಅರ್ಥ್ ವೈರ್ ಬಂದಿದೆಯಾ ಅಂತ ಬಿಚ್ಚಿ ನೋಡಿಸು, ಇನ್ವರ್ಟರ್ ಲೈನ್ ಎಳೆಯುವಾಗ ಅದನ್ನು ಬಿಟ್ಟಿರುತ್ತಾರೆ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡು, ಅದರ ಜೊತೆಗೆ ನೆಟ್ ಕೇಬಲ್ಲನ್ನೂ ಕೀಳು. ಮಿಂಚಿನ ಏಟು ಅದರಲ್ಲೂ ಬರುತ್ತದೆ.